ಪುಟ್ಟ ದ್ವೀಪದಲ್ಲಿ ಮಾಡೋದೇನು?

“ತಾತ, ಅಷ್ಟು ಚಿಕ್ಕ ದ್ವೀಪದಲ್ಲಿ ಮೂರು ದಿನ ಮಾಡೋದೇನು?”

ಆರನೇ ತರಗತಿಯ ಮೊಮ್ಮಗಳು ಪುಟ್ಟಿ ಈ ಪ್ರಶ್ನೆ ಕೇಳಿದ್ದು ಕಳೆದ ಡಿಸೆಂಬರ್ ರಜೆಯಲ್ಲಿ, ನಾವೆಲ್ಲ ಅಂಡಮಾನಿಗೆ ಹೊರಡುವ ಹಿಂದಿನ ರಾತ್ರಿ. ಕೈಯಲ್ಲಿ ಹೊಸ ನೋಟ್‌ಬುಕ್ ಇತ್ತು. ಮೊದಲ ಪುಟದಲ್ಲಿ ‘ದ್ವೀಪದಲ್ಲಿ ಮಾಡುವ ಕೆಲಸಗಳು’ ಎಂದು ಬರೆದು, ಕೆಳಗೆ ಒಂದರಿಂದ ಹತ್ತರವರೆಗೆ ಅಂಕಿ ಹಾಕಿ, ಎದುರಿಗೆ ಖಾಲಿ ಬಿಟ್ಟಿದ್ದಳು. ಬ್ಯಾಂಕಿನಲ್ಲಿ 37 ವರ್ಷ ಲೆಡ್ಜರ್ ಬರೆದವನ ಮೊಮ್ಮಗಳಲ್ಲವೇ!

“ಏನೂ ಮಾಡದೆ ಕೂತಿರೋದೇ ಅಲ್ಲಿಯ ಕೆಲಸ” ಎಂದೆ.

“ಅದು ನಿಮ್ಮ ತಾತನಿಗೆ ಚೆನ್ನಾಗಿ ಬರುತ್ತೆ” ಎಂದಳು ನನ್ನಾಕೆ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ.

ಆ ಮಾತಿನ ಹಿಂದೆ ಒಂದು ಹಳೆಯ ಬಾಕಿ ಇದೆ. ಬ್ಯಾಂಕ್ ನೌಕರರಿಗೆ ಎಲ್‌ಎಫ್‌ಸಿ ಎಂಬ ಸೌಲಭ್ಯವಿದೆ. ಕೆಲವು ವರ್ಷಕ್ಕೊಮ್ಮೆ ಸಂಸಾರ ಸಮೇತ ಪ್ರವಾಸ ಹೋಗಿಬಂದರೆ ಪ್ರಯಾಣದ ಖರ್ಚು ಬ್ಯಾಂಕಿನದು. ಹೋಗದಿದ್ದರೆ ಅದರ ಒಂದು ಭಾಗವನ್ನು ನಗದು ಮಾಡಿಕೊಳ್ಳಬಹುದು. ನಮ್ಮ ಶಾಖೆಯವರೊಬ್ಬರು ಅಂಡಮಾನಿಗೆ ಹೋಗಿಬಂದು ಫೋಟೊ ತೋರಿಸಿದಂದಿನಿಂದ ನನ್ನಾಕೆಗೆ ಆ ನೀಲಿ ನೀರಿನ ಮೇಲೆ ಆಸೆ. ನಾನು ಒಂದು ಸಲ ಮನೆ ಕಟ್ಟುವುದಕ್ಕೆಂದು ನಗದು ಮಾಡಿಕೊಂಡೆ. ಇನ್ನೊಂದು ಸಲ ಮಗಳ ಕಾಲೇಜು ಫೀಸಿಗೆ. ಮತ್ತೊಂದು ಸಲ ಯಾವ ಕಾರಣವೂ ಇರಲಿಲ್ಲ, ಸುಮ್ಮನೆ ಹಣ ಬರುತ್ತದಲ್ಲ ಎಂದು. ಪ್ರತಿ ಸಲವೂ “ರಿಟೈರ್ ಆದ ಮೇಲೆ ಹೋದರಾಯ್ತು ಬಿಡು” ಎಂದೆ. ರಿಟೈರ್ ಆದೆ. ಅಷ್ಟರಲ್ಲಿ ಅವಳ ಮಂಡಿ ಸವೆದಿತ್ತು.

ಈಗ ಮಗಳು-ಅಳಿಯ ಟಿಕೆಟ್ ತೆಗೆಸಿ, “ನೀವಿಬ್ಬರೂ ಬರಲೇಬೇಕು” ಎಂದು ಹೊರಡಿಸಿದ್ದರು. ಪುಟ್ಟಿ, ಅವಳ ತಮ್ಮ ಚಿಕ್ಕು ಸೇರಿ ಆರು ಜನ.

ಬೆಂಗಳೂರಿನಿಂದ ವಿಮಾನ ಇಳಿಯುವುದು ಶ್ರೀ ವಿಜಯಪುರಂನಲ್ಲಿ. ನಾವು ಶಾಲೆಯಲ್ಲಿ ಪೋರ್ಟ್ ಬ್ಲೇರ್ ಎಂದು ಓದಿದ ಊರಿಗೆ 2024ರಿಂದ ಇದೇ ಹೆಸರು. ಅಲ್ಲಿಂದ ಹಡಗಿನಲ್ಲಿ ಒಂದೂವರೆ-ಎರಡು ಗಂಟೆ ಹೋದರೆ ನೀಲ್ ದ್ವೀಪ. 1857ರ ದಂಗೆಯನ್ನು ಕ್ರೂರವಾಗಿ ಅಡಗಿಸಿದ ಒಬ್ಬ ಬ್ರಿಟಿಷ್ ಸೇನಾಧಿಕಾರಿಯ ಹೆಸರು ಅದು. 1943ರ ಡಿಸೆಂಬರ್ 30ರಂದು ನೇತಾಜಿ ಸುಭಾಷ್‌ಚಂದ್ರ ಬೋಸ್ ಪೋರ್ಟ್ ಬ್ಲೇರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದ್ದರು. ಅದಾಗಿ 75 ವರ್ಷ ತುಂಬಿದ ದಿನ, 2018ರಲ್ಲಿ, ಈ ದ್ವೀಪಕ್ಕೆ ಶಹೀದ್ ದ್ವೀಪ ಎಂದು ಮರುನಾಮಕರಣವಾಯಿತು. ಆಟೊದವರು, ಅಂಗಡಿಯವರು ಮಾತ್ರ ಇನ್ನೂ ನೀಲ್ ಎಂದೇ ಕರೆಯುತ್ತಾರೆ.

ದ್ವೀಪದ ಈ ತುದಿಯಿಂದ ಆ ತುದಿಗೆ ಆಟೊದಲ್ಲಿ ಅರ್ಧ ಗಂಟೆಯೂ ಬೇಡ. ಊರುಗಳ ಹೆಸರು ಕೇಳಿ: ಸೀತಾಪುರ, ರಾಮನಗರ, ಲಕ್ಷ್ಮಣಪುರ, ಭರತಪುರ. “ರಾಮಾಯಣದ ಒಳಗೇ ಬಂದ ಹಾಗಿದೆ” ಎಂದಳು ನನ್ನಾಕೆ. ಪೂರ್ವ ಬಂಗಾಳದಿಂದ ಮನೆ-ಮಠ ಬಿಟ್ಟು ಬಂದ ನಿರಾಶ್ರಿತರಿಗೆ 1960ರ ದಶಕದಲ್ಲಿ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಅವರ ಮಕ್ಕಳು, ಮೊಮ್ಮಕ್ಕಳೇ ಇಂದು ಇಲ್ಲಿ ಗದ್ದೆ, ತೋಟ, ತರಕಾರಿ ಮಾಡಿಕೊಂಡಿದ್ದಾರೆ. ರಸ್ತೆಯ ಒಂದು ಬದಿ ಬಾಳೆ, ಅಡಿಕೆ, ತೆಂಗು, ಇನ್ನೊಂದು ಬದಿ ಸಮುದ್ರ. ನಮ್ಮ ಕರಾವಳಿಯ ಯಾವುದೋ ಹಳ್ಳಿಗೆ ಬಂದಂತೆಯೇ ಅನ್ನಿಸಿತು.

ಮೊದಲ ದಿನವೇ ಬೇಸ್ತುಬಿದ್ದೆವು. ಊಟ ಮಾಡಿ, ಚೆನ್ನಾಗಿ ನಿದ್ದೆ ತೆಗೆದು, ಆರು ಗಂಟೆಗೆ ಲಕ್ಷ್ಮಣಪುರದ ಕಡಲತೀರದಲ್ಲಿ ಸೂರ್ಯಾಸ್ತ ನೋಡೋಣವೆಂದು ಹೊರಟರೆ ಹೊರಗೆ ಕಗ್ಗತ್ತಲು. ಸೂರ್ಯ ಐದು ಗಂಟೆಗೇ ಮುಳುಗಿ ಹೋಗಿದ್ದ! ಪುಟ್ಟಿ ಭೂಗೋಳದ ಪಾಠ ನೆನಪಿಸಿಕೊಂಡು ಲೆಕ್ಕ ಹಾಕಿದಳು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಬೆಂಗಳೂರು ಇರುವುದು ಸುಮಾರು 77.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಈ ದ್ವೀಪ 93ರಲ್ಲಿ. ನಡುವೆ ಹದಿನೈದೂವರೆ ಡಿಗ್ರಿ, ಅಂದರೆ 62 ನಿಮಿಷ. ಗಡಿಯಾರ ದೇಶಕ್ಕೆಲ್ಲ ಒಂದೇ, ಸೂರ್ಯ ಮಾತ್ರ ಇಲ್ಲಿ ಒಂದು ಗಂಟೆ ಮೊದಲೇ ಡ್ಯೂಟಿಗೆ ಬಂದು ಒಂದು ಗಂಟೆ ಮೊದಲೇ ಮನೆಗೆ ಹೋಗುತ್ತಾನೆ.

ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಭರ್ತಿಯಾಯಿತು: ‘1. ಸೂರ್ಯನ ಜೊತೆ ಏಳುವುದು.’

ಎರಡನೆಯ ಸಾಲು ಸಮುದ್ರದ ಟೈಮ್‌ಟೇಬಲ್ ಓದುವುದು. ಲಕ್ಷ್ಮಣಪುರದಲ್ಲಿ ಎರಡು ತೀರಗಳಿವೆ. ಎರಡನೆಯದರಲ್ಲಿ ಹವಳದ ಸುಣ್ಣಗಲ್ಲನ್ನು ಅಲೆಗಳು ಕೊರೆದು ಕೊರೆದು ಮಾಡಿದ ಒಂದು ಕಮಾನು ಇದೆ. ಬಂಗಾಳಿಗಳು ತಮ್ಮ ಕೋಲ್ಕತ್ತದ ನೆನಪಿಗೆ ಅದನ್ನು ‘ಹೌರಾ ಬ್ರಿಡ್ಜ್’ ಎನ್ನುತ್ತಾರೆ. ಅಲ್ಲಿಗೆ ಹೋಗಬೇಕಾದದ್ದು ನೀರು ಇಳಿದಾಗ. ಬ್ಯಾಂಕಿನ ಕೌಂಟರ್ ಹಾಗೆ ಸಮುದ್ರವೂ ದಿನಕ್ಕೆ ಎರಡು ಸಲ ಬಾಗಿಲು ತೆರೆಯುತ್ತದೆ, ಎರಡು ಸಲ ಮುಚ್ಚುತ್ತದೆ. ಆದರೆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಭೂಮಿ ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನ ನೇರಕ್ಕೆ ಬರಲು ಭೂಮಿ ಇನ್ನಷ್ಟು ತಿರುಗಬೇಕು. ಅದೇ ಈ 50 ನಿಮಿಷದ ಗುಟ್ಟು.

ಮರುದಿನ ಇಳಿತ ಬೆಳಿಗ್ಗೆ ಆರೂಕಾಲಿಗೆ ಎಂದು ಹೋಟೆಲಿನವರು ಹೇಳಿದ್ದರು. ಆರಕ್ಕೆಲ್ಲ ಅಲ್ಲಿದ್ದೆವು. ಇಳಿಜಾರಿನ ಕಾಲುದಾರಿ ಮುಗಿದು ಮರಳು ಸಿಗುವಲ್ಲಿ ಕೇದಗೆಯ ಪೊದೆಗಳು. ಅದರಾಚೆ ಕಮಾನಿನವರೆಗೂ ಒಡೆದ ಹವಳದ ಬಂಡೆ. ಮುಳ್ಳು ಮುಳ್ಳಾಗಿ, ಪಾಚಿ ಹಿಡಿದು, ಕಾಲಿಟ್ಟರೆ ಜಾರುತ್ತದೆ. ನನ್ನಾಕೆ ಕೋಲೂರಿ ಒಂದು ಹೆಜ್ಜೆ ಇಟ್ಟು ನೋಡಿದಳು. ಹಿಂದಕ್ಕೆ ಬಂದು ಒಂದು ಮರದ ದಿಮ್ಮಿಯ ಮೇಲೆ ಕೂತಳು.

“ಇದು ನನ್ನ ಕೈಲಾಗಲ್ಲ ರೀ. ನೀವು ನೋಡ್ಕೊಂಡು ಬಂದು ಹೇಳಿ.”

ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಹದಿನೈದು ವರ್ಷ ಮೊದಲು ಬಂದಿದ್ದರೆ ಇವಳು ನನಗಿಂತ ಮುಂದೆ ಓಡುತ್ತಿದ್ದಳು ಎಂದು ಯೋಚಿಸುತ್ತಲೇ ನಾನು ಮಕ್ಕಳ ಹಿಂದೆ ಹೆಜ್ಜೆ ಹಾಕಿದೆ.

ದಾರಿ ತೋರಿಸಲು ಬಂದ ಸ್ಥಳೀಯ ಹುಡುಗ ಮೊದಲು ಹೇಳಿದ್ದೇ ಒಂದು ಮಾತು: ನೋಡಿ, ಮುಟ್ಟಬೇಡಿ, ಏನನ್ನೂ ಎತ್ತಿಕೊಂಡು ಹೋಗಬೇಡಿ. ಹವಳ ಕಲ್ಲಲ್ಲ. ಸಾಸಿವೆಯಂಥ ಪುಟಾಣಿ ಜೀವಿಗಳು ಸಾವಿರಾರು ವರ್ಷ ಕೂಡಿ ಕಟ್ಟಿಕೊಂಡ ಊರು ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಪಟ್ಟಿಯಲ್ಲೇ ಈ ಹವಳವೂ ಇದೆ. ಸತ್ತ ಹವಳದ ತುಂಡನ್ನು ಚೀಲಕ್ಕೆ ಹಾಕಿಕೊಂಡರೂ ತಪ್ಪು.

ನೀರು ಇಳಿದ ಬಂಡೆಯ ಹೊಂಡಗಳಲ್ಲಿ ಏನೆಲ್ಲ ಇತ್ತು! ಬೆರಳುದ್ದದ ನೀಲಿ ಮೀನುಗಳು. ಕರಿ ಹಾಗಲಕಾಯಿಯಂತೆ ಬಿದ್ದುಕೊಂಡಿದ್ದ ಕಡಲ ಸೌತೆ. ಅದು ಕಾಯಿಯಲ್ಲ, ಪ್ರಾಣಿ. ಮರಳು ನುಂಗಿ, ಅದರಲ್ಲಿನ ಕಸ ಜೀರ್ಣಿಸಿಕೊಂಡು, ಶುದ್ಧ ಮರಳನ್ನು ಹೊರಹಾಕುವ ಜಾಡಮಾಲಿ. ಎರಡು ತುಟಿ ತೆರೆದು, ನೆರಳು ಬಿದ್ದರೆ ಫಕ್ಕನೆ ಮುಚ್ಚಿಕೊಳ್ಳುವ ದೊಡ್ಡ ಕಪ್ಪೆಚಿಪ್ಪು. ಚಿಕ್ಕು ಬಗ್ಗಿ ಬಗ್ಗಿ ನೋಡಿ, “ಅಜ್ಜಿಗೆ ಇದನ್ನ ಹೇಗೆ ಹೇಳೋದು?” ಎಂದು ಕೇಳುತ್ತಿದ್ದ. ನನಗೂ ಅದೇ ಚಿಂತೆ.

ಅದಕ್ಕೇ ಇರಬೇಕು, ಮರಳುವಾಗ ನನ್ನ ಬುದ್ಧಿ ಕೆಟ್ಟಿತು. ಕೇದಗೆ ಬುಡದಲ್ಲಿ ನಿಂಬೆಗಾತ್ರದ ಒಂದು ಶಂಖ ಕಂಡಿತು. ಕಂದು ಮೈ, ಬಿಳಿ ಸುರುಳಿ. ಬಾಯಿ ನೋಡಿದೆ, ಖಾಲಿ ಅನ್ನಿಸಿತು. ಆ ಹುಡುಗ ಮುಂದೆ ಹೋಗಿದ್ದ. ಮಕ್ಕಳು ಅಜ್ಜಿಯ ಹತ್ತಿರ ಓಡಿದ್ದರು. ಶಂಖವನ್ನು ಕರ್ಚೀಫಿನಲ್ಲಿ ಸುತ್ತಿ ಜುಬ್ಬದ ಜೇಬಿಗೆ ಹಾಕಿಕೊಂಡೆ. ಕ್ಯಾಶ್ ಕೌಂಟರಿನಲ್ಲಿ ಹತ್ತು ಪೈಸೆ ಹೆಚ್ಚು ಬಂದರೂ ರಾತ್ರಿಯವರೆಗೆ ಕೂತು ಲೆಕ್ಕ ಹೊಂದಿಸುತ್ತಿದ್ದ ಮನುಷ್ಯ ನಾನು! ‘ಪಾಪ, ಅವಳಿಗೆ ನೋಡಲಾಗಲಿಲ್ಲ, ಒಂದು ಶಂಖ ತಾನೆ’ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ.

ರಾತ್ರಿ ಮಕ್ಕಳು ಮಲಗಿದ ಮೇಲೆ ಅವಳ ಕೈಗಿಟ್ಟೆ. ಮಕ್ಕಳು ನಮ್ಮ ಕೋಣೆಯಲ್ಲೇ ಮಲಗಿದ್ದರು. ಅವಳು ಶಂಖವನ್ನು ತಿರುಗಿಸಿ ನೋಡಿದಳು.

“ಚೆನ್ನಾಗಿದೆ. ತರಬಹುದೇನ್ರೀ ಇದನ್ನ?”

“ಮಲಕ್ಕೋ ಈಗ” ಎಂದೆ.

ನಡುರಾತ್ರಿ ಟಪ್ ಎಂದು ಏನೋ ಬಿದ್ದ ಸದ್ದು. ಆಮೇಲೆ ನೆಲದ ಮೇಲೆ ಟಿಕ್... ಟಿಕ್... ಟಿಕ್. ಇಲಿಯೇ? ಹಲ್ಲಿಯೇ? ನಾನು ದೀಪ ಹಾಕುವಷ್ಟರಲ್ಲಿ ಚಿಕ್ಕು ಮಂಚದ ಮೇಲೆ ಎದ್ದು ನಿಂತು ಕಿರುಚಿದ: “ಅಜ್ಜೀ, ಶಂಖ ನಡೀತಿದೆ!”

ನಿಜವಾಗಿಯೂ ನಡೆಯುತ್ತಿತ್ತು. ಮೇಜಿನಿಂದ ಉದುರಿ, ಗೋಡೆಯ ಅಂಚು ಹಿಡಿದು, ಬಾಗಿಲ ಕಡೆಗೆ ಹೊರಟಿತ್ತು. ಕೆಳಗೆ ಕೆಂಪು ಕಾಲುಗಳು, ಮುಂದೆ ಒಂದು ದಪ್ಪ ಕೊಂಡಿ, ಕಡ್ಡಿಯಂಥ ಎರಡು ಕಣ್ಣು.

ಪುಟ್ಟಿ ಎದ್ದು ಕಣ್ಣುಜ್ಜಿಕೊಂಡು ನೋಡಿದಳು. ನಿದ್ದೆಯೆಲ್ಲ ಹಾರಿಹೋಯಿತು. “ಇದನ್ನ ಇಲ್ಲಿಗೆ ತಂದವರು ಯಾರು?”

ಬ್ಯಾಂಕಿನಲ್ಲಿ ಎಷ್ಟೋ ಇನ್‌ಸ್ಪೆಕ್ಷನ್ ಎದುರಿಸಿದ್ದೇನೆ. ಹೀಗೆ ಬಾಯಿ ಒಣಗಿದ್ದು ಇದೇ ಮೊದಲು.

“ನಾನೇ ಕಣೇ. ನಾನೇ ತಾತನಿಗೆ ಹೇಳಿ ತರಿಸಿದೆ” ಎಂದಳು ನನ್ನಾಕೆ.

ಅವಳ ಮುಖ ನೋಡಿದೆ. ನಾನು ನಗದು ಮಾಡಿಕೊಂಡ ಒಂದೊಂದು ಎಲ್‌ಎಫ್‌ಸಿಯನ್ನೂ ಇವಳು ಹೀಗೇ ನೆಂಟರ ಎದುರು ‘ನನಗೇ ಹೋಗೋಕೆ ಇಷ್ಟ ಇರಲಿಲ್ಲ’ ಎಂದು ತನ್ನ ಲೆಕ್ಕಕ್ಕೆ ಹಾಕಿಕೊಂಡದ್ದು ನೆನಪಾಯಿತು.

“ಇಲ್ಲ ಪುಟ್ಟಿ. ಅಜ್ಜಿ ಕೇಳಿರಲಿಲ್ಲ. ನಾನೇ ಯಾರೂ ನೋಡದ ಹೊತ್ತಲ್ಲಿ ಎತ್ತಿಕೊಂಡೆ” ಎಂದೆ.

ಅಷ್ಟು ಹೇಳಿದ ಮೇಲೆ ಉಸಿರು ಸರಾಗವಾಯಿತು. ಮಕ್ಕಳೇನೂ ಬೈಯಲಿಲ್ಲ. ಚಿಕ್ಕು ಆಗಲೇ ಬಕೆಟ್ ತಂದಿದ್ದ. ಒದ್ದೆ ಟವೆಲ್ ಹಾಸಿ ಅತಿಥಿಯನ್ನು ಅದರಲ್ಲಿ ಇಳಿಸಿದೆವು.

ಅದು ಸನ್ಯಾಸಿ ಏಡಿ. “ಸನ್ಯಾಸಿಗೆ ಮನೆ ಯಾಕೆ ತಾತ?” ಎಂದು ಚಿಕ್ಕು ಕೇಳಿದ. ಪ್ರಶ್ನೆ ಸರಿಯಾದದ್ದೇ. ಬೇರೆ ಏಡಿಗಳಿಗೆ ಮೈತುಂಬ ಗಟ್ಟಿ ಚಿಪ್ಪಿರುತ್ತದೆ. ಇದಕ್ಕೆ ಹಿಂಭಾಗ ಮೆತ್ತಗೆ. ಹಾಗಾಗಿ ಸತ್ತ ಶಂಖದ ಹುಳು ಬಿಟ್ಟುಹೋದ ಚಿಪ್ಪನ್ನು ಹುಡುಕಿ ಒಳಹೊಕ್ಕು ಬದುಕುತ್ತದೆ. ಮೈ ಬೆಳೆದಂತೆ ಇನ್ನೂ ದೊಡ್ಡ ಚಿಪ್ಪು ಬೇಕು. ಪ್ರವಾಸಿಗರು ತೀರದ ಚಿಪ್ಪುಗಳನ್ನೆಲ್ಲ ಆರಿಸಿಕೊಂಡು ಹೋದರೆ ಇವಕ್ಕೆ ಬಾಡಿಗೆ ಮನೆಯೂ ಇಲ್ಲ. ಬೇರೆ ದಾರಿ ಕಾಣದೆ ಪ್ಲಾಸ್ಟಿಕ್ ಮುಚ್ಚಳದೊಳಗೆ ಮೈ ತೂರಿಸಿಕೊಂಡು ಬದುಕುವ ಸನ್ಯಾಸಿ ಏಡಿಗಳೂ ಇವೆ. ನಾನು ಖಾಲಿ ಎಂದುಕೊಂಡ ಶಂಖ ಖಾಲಿ ಇರಲಿಲ್ಲ. ಖಾಲಿಯೇ ಇದ್ದಿದ್ದರೂ ಅದು ನನ್ನದಾಗಿರಲಿಲ್ಲ. ಇನ್ನು ಯಾರದೋ ಹೆಸರಿಗೆ ಕಾದಿಟ್ಟ ಮನೆ.

ಬೆಳಕು ಹರಿಯುವ ಹೊತ್ತಿಗೆ ಮತ್ತೆ ಅದೇ ತೀರಕ್ಕೆ ಹೋದೆವು. ಈ ಸಲ ನನ್ನಾಕೆ ಕೇದಗೆಯ ಬುಡದವರೆಗೂ ಬಂದಳು, ಒಂದು ಕೈಯಲ್ಲಿ ಕೋಲು, ಇನ್ನೊಂದು ನನ್ನ ಭುಜದ ಮೇಲೆ. ಎತ್ತಿಕೊಂಡ ಜಾಗದಲ್ಲೇ ಏಡಿಯನ್ನು ಇಟ್ಟೆ. ಐದು ನಿಮಿಷ ಅಲುಗಲಿಲ್ಲ. ಯಾರೂ ಮಾತಾಡಲಿಲ್ಲ. ಆಮೇಲೆ ಒಂದು ಕಾಲು, ಇನ್ನೊಂದು ಕಾಲು, ಒಂದು ಕಣ್ಣು. ಕೊನೆಗೆ ತಿರುಗಿಯೂ ನೋಡದೆ ಮನೆ ಹೊತ್ತುಕೊಂಡು ಪೊದೆಯೊಳಗೆ ನಡೆದುಬಿಟ್ಟಿತು.

“ಹೋಗ್ಬಾರಪ್ಪ” ಎಂದಳು ನನ್ನಾಕೆ, ನೆಂಟರನ್ನು ಬಸ್ಸಿಗೆ ಹತ್ತಿಸಿದ ಹಾಗೆ.

ಅಲ್ಲಿಂದ ಪೇಟೆ. ದ್ವೀಪದ ನಡುವೆ ನೀಲ್ ಕೇಂದ್ರ ಎಂಬ ಪುಟ್ಟ ಪೇಟೆಯಿದೆ. ಶ್ರೀ ವಿಜಯಪುರಂಗೂ ಇಲ್ಲಿಂದಲೇ ತರಕಾರಿ ಹೋಗುತ್ತದೆ. ಬದನೆ, ಸೋರೆ, ಹಾಗಲ, ಬಾಳೆಗೊನೆ ರಾಶಿ ಬಿದ್ದಿತ್ತು. ನನ್ನಾಕೆಗೆ ಹಿಂದಿ ಬಾರದು, ಅಂಗಡಿಯ ಬಂಗಾಳಿ ಅಜ್ಜಿಗೆ ಕನ್ನಡ ಬಾರದು. ಕುಂಬಳಕಾಯಿ ಮುಟ್ಟಿ ಇವಳು “ಕುಂಬಳ” ಎಂದಳು. ಆಕೆ ನಕ್ಕು “ಕುಮ್ಡೊ” ಎಂದಳು. ಎಳನೀರಿನ ಕಡೆ ಕೈ ತೋರಿಸಿ ಆಕೆ “ನಾರ್ಕೇಲ್” ಎಂದಾಗ ಇವಳು “ನಮ್ಮಲ್ಲೂ ನಾರಿಕೇಳವೇ!” ಎಂದಳು. ಅರ್ಧ ಗಂಟೆ ಇಬ್ಬರೂ ಹೀಗೇ ಸಂಸಾರದ ಕಷ್ಟಸುಖವನ್ನೆಲ್ಲ ಮಾತಾಡಿದರು. ಮಂಡಿ ಮುಟ್ಟಿ ತೋರಿಸಿದರೆ ಆಕೆಯೂ ತನ್ನ ಮಂಡಿ ತೋರಿಸಿದಳು. ‘ಅಂಗಡಿ ಅಜ್ಜಿಯ ಜೊತೆ ಹರಟುವುದು’ ಎಂದು ಪುಟ್ಟಿ ಬರೆದುಕೊಂಡಳು.

ಹತ್ತು ಗಂಟೆ ಕಳೆದ ಮೇಲೆ, ನೀರು ಏರತೊಡಗಿದ ಹೊತ್ತಿಗೆ, ಭರತಪುರಕ್ಕೆ ಹೋದೆವು. ಗಾಜಿನ ತಳದ ದೋಣಿಗಳು ಸಿಗುವುದು ಅಲ್ಲೇ. ನೀರು ಬಹಳ ದೂರದವರೆಗೆ ಸೊಂಟದ ಮಟ್ಟ, ಕನ್ನಡಿಯಂತೆ ತಿಳಿ. ದೋಣಿಯ ಅಂಚಿಗೆ ಕಾಲೆತ್ತಿ ಹತ್ತುವುದು ನನ್ನಾಕೆಗೆ ಆಗಲಿಲ್ಲ. ಮತ್ತೆ ದಡದಲ್ಲೇ ಉಳಿಯಬೇಕಲ್ಲ ಎಂದು ನನ್ನ ಮುಖ ಬಾಡಿತು.

ಆಗ ಪುಟ್ಟಿ, “ಅಜ್ಜಿ, ದೋಣಿ ಬೇಡ. ನೀರಿನೊಳಗೇ ಬನ್ನಿ” ಎಂದಳು.

ಅಲ್ಲಿಯ ಜೀವರಕ್ಷಕರನ್ನು ಕೇಳಿದೆವು. ನೀರು ಶಾಂತವಾಗಿದೆ, ಜಾಕೆಟ್ ಹಾಕಿ, ರಬ್ಬರ್ ಟ್ಯೂಬ್ ಹಿಡಿದು, ಪಕ್ಕದಲ್ಲಿ ಗೈಡ್ ಇದ್ದರೆ ಭಯವಿಲ್ಲ ಎಂದರು. ಹೊರಡುವ ಮೊದಲೇ ಡಾಕ್ಟರನ್ನು ಕೇಳಿದ್ದೂ ಆಗಿತ್ತು. ನನ್ನಾಕೆ ಮಗಳ ಚೂಡಿದಾರ ತೊಟ್ಟು ಬಂದಳು. ಮದುವೆಯಾಗಿ 45 ವರ್ಷಕ್ಕೆ ಅವಳನ್ನು ಚೂಡಿದಾರದಲ್ಲಿ ನೋಡಿದ್ದು ಅದೇ ಮೊದಲು. ಕನ್ನಡಕ ತೆಗೆದು ನನ್ನ ಕೈಗಿಟ್ಟಳು. “ನೀವೂ ಬನ್ನಿ” ಎಂದಳು. ನನಗೆ ನೀರೆಂದರೆ ಭಯ. ಮಂಡಿ ಅವಳದು ಕೆಟ್ಟಿತ್ತು, ಧೈರ್ಯ ನನ್ನದು ಕೆಟ್ಟಿತ್ತು. “ಚಪ್ಪಲಿ ಕಾಯ್ತೀನಿ, ನೀನು ಹೋಗು” ಎಂದೆ.

ಒಂದು ಕಡೆ ಗೈಡ್, ಇನ್ನೊಂದು ಕಡೆ ಮಗಳು. ಎದೆಮಟ್ಟದ ನೀರಿಗೆ ಹೋದವಳು ತಿರುಗಿ ಕೂಗಿದಳು: “ರೀ, ಮಂಡಿ ನೋಯ್ತಾ ಇಲ್ಲ!”

ನೀರು ಮೈಭಾರವನ್ನು ತಾನು ಹೊರುತ್ತದೆ. ಶಾಲೆಯಲ್ಲಿ ಆರ್ಕಿಮಿಡೀಸನ ಪಾಠ ಬಾಯಿಪಾಠ ಮಾಡಿ ನಾನು ಒಳ್ಳೆಯ ಅಂಕ ತೆಗೆದಿದ್ದೆ. ಅದರ ಅರ್ಥ ಆದದ್ದು ಆ ಕೂಗು ಕೇಳಿದಾಗ. ಬಂಡೆಯ ಮೇಲೆ ಒಂದು ಹೆಜ್ಜೆ ಇಡಲಾಗದ ಕಾಲು ನೀರಿನಲ್ಲಿ ಹುಡುಗಿಯ ಕಾಲಾಗಿತ್ತು. ಮುಖವಾಡದಂಥ ಕನ್ನಡಕ ಹಾಕಿಕೊಂಡು ಅವಳು ಮುಖವನ್ನು ನೀರಿನೊಳಗಿಟ್ಟಳು. ಎದ್ದಳು, ಕೆಮ್ಮಿದಳು, ಮತ್ತೆ ಇಟ್ಟಳು. ಆಮೇಲೆ ಏಳಲೇ ಇಲ್ಲ. ಅರ್ಧ ಗಂಟೆ ತೇಲುತ್ತಲೇ ಇದ್ದಳು. ನಾನು ಒಂದು ಕೈಯಲ್ಲಿ ಅವಳ ಕನ್ನಡಕ, ಇನ್ನೊಂದರಲ್ಲಿ ಕೋಲು ಹಿಡಿದು ದಡದಲ್ಲಿ ನಿಂತಿದ್ದೆ.

ಬಂದವಳು ಮೈ ಒರೆಸಿಕೊಳ್ಳುವ ಮೊದಲೇ ಹೇಳತೊಡಗಿದಳು. ಹಳದಿ ಪಟ್ಟೆಯ ಮೀನು ಹೀಗೆ ಬಂತು, ಹವಳ ಹೂಕೋಸಿನ ಹಾಗಿತ್ತು, ಅದರ ಸಂದಿಯಲ್ಲಿ ಒಂದು ಗಿಳಿಬಣ್ಣದ ಮೀನು ಕಲ್ಲು ಕಚ್ಚುತ್ತಿತ್ತು, ಕಟಕಟ ಸದ್ದು ಕೇಳಿಸಿತು. ಕನ್ನಡಕವಿಲ್ಲದೆ ಅಷ್ಟೆಲ್ಲ ಹೇಗೆ ಕಂಡಿತು ಎಂದೆ. “ಎಲ್ಲ ದೊಡ್ಡದಾಗಿ, ಹತ್ತಿರದಲ್ಲೇ ಕಾಣಿಸಿತು ರೀ” ಎಂದಳು. ಅದೂ ನಿಜವೇ. ಮುಖವಾಡದ ಗಾಜಿನ ಮೂಲಕ ನೋಡಿದರೆ ನೀರಿನೊಳಗಿನ ವಸ್ತು ಇರುವುದಕ್ಕಿಂತ ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಬೆಳಕು ಬಾಗುವುದರಿಂದ ಆಗುವ ಮಾಯೆ ಅದು.

ಅಂದು ರಾತ್ರಿ ದೀಪ ಆರಿಸಿದ ಮೇಲೂ ಅವಳ ಮಾತು ಮುಗಿಯಲಿಲ್ಲ. ಈ ಸಲ ನೋಡಿಬಂದು ಹೇಳುವ ಸರದಿ ಅವಳದು, ಕೇಳುವ ಸರದಿ ನನ್ನದು.

ನನ್ನ ವಯಸ್ಸಿನವರೇ, ಮುಂದೂಡಿದ ಪ್ರವಾಸ ಯಾವುದಾದರೂ ಇದ್ದರೆ ಮಂಡಿ ನೋಡಿ ಕೈಬಿಡಬೇಡಿ. ಬಂಡೆ ಆಗದಿದ್ದರೆ ನೀರು ಇದೆ, ನೀರೂ ಆಗದಿದ್ದರೆ ಕುಂಬಳಕಾಯಿ ಅಂಗಡಿ ಇದೆ. ಮಕ್ಕಳೇ, ತಾತ ಜೇಬಿಗೆ ಏನಾದರೂ ಹಾಕಿಕೊಂಡರೆ ಒಮ್ಮೆ ತೆಗೆಸಿ ನೋಡಿ.

ನನ್ನ ಹಳೆಯ ಬಾಕಿ ತೀರಿತೇ? ಬ್ಯಾಂಕಿನ ಪದ್ಧತಿಯಂತೆ ಸಾಲಗಾರ ಕಟ್ಟಿದ ಹಣ ಮೊದಲು ಬಡ್ಡಿಗೆ ಜಮಾ ಆಗುತ್ತದೆ. ಬಡ್ಡಿ ತೀರಿದೆ, ಅಸಲು ಹಾಗೇ ಇದೆ. ಮುಂದಿನ ರಜೆಗೆ ಲಕ್ಷದ್ವೀಪ ಎಂದು ನನ್ನಾಕೆ ಆಗಲೇ ಹೇಳಿಬಿಟ್ಟಿದ್ದಾಳೆ.

ಹಿಂದಿರುಗುವ ಹಡಗಿನಲ್ಲಿ ಪುಟ್ಟಿ ನೋಟ್‌ಬುಕ್ ತೋರಿಸಿದಳು. ಸೂರ್ಯನ ಜೊತೆ ಏಳುವುದು, ಸಮುದ್ರದ ಟೈಮ್‌ಟೇಬಲ್ ಓದುವುದು, ಹೊಂಡಗಳಲ್ಲಿ ಇಣುಕುವುದು, ಏಡಿಯನ್ನು ಮನೆಗೆ ಬಿಟ್ಟುಬರುವುದು... ಒಂಬತ್ತು ಸಾಲಿಗೂ ಸರಿ ಗುರುತು ಬಿದ್ದಿತ್ತು. ಹತ್ತನೆಯದಕ್ಕೆ ಮಾತ್ರ ಇರಲಿಲ್ಲ. ಅದು ಅಜ್ಜಿಯ ಕೈಬರಹ:

‘10. ತಾತನನ್ನು ನೀರಿಗೆ ಇಳಿಸುವುದು.’